ಗೂಗಲ್ ಫಾರ್ಮ್ಸ್: ಕರಾವಳಿಯ ಕೇಳುಗರ ಸಮೀಕ್ಷೆಗೆ ಒಗ್ಗುತ್ತದೆಯೇ?

ಮಂಗಳೂರು, ಉಡುಪಿಯಲ್ಲಿ ಸಂಗೀತ ಪತ್ರಿಕೆ ತರುವ ಮುಂಚೆ ಓದುಗರ ಸಮೀಕ್ಷೆ ಮಾಡುವವರಿಗೆ, ಆನ್‌ಲೈನ್ ಪ್ರಶ್ನಾವಳಿ ಮಾಡಿಕೊಡುವ ಈ ಸೇವೆ ಧಾರಾಳ ಸಾಕು. ದುಡ್ಡು ಕೊಡಬೇಕಿಲ್ಲ, ಪ್ರಶ್ನೆ ಕನ್ನಡದಲ್ಲೇ ಹಾಕಬಹುದು, ಉತ್ತರಗಳನ್ನು ನೇರ ಗೂಗಲ್‌ನ ಲೆಕ್ಕದ ಹಾಳೆ ಶೀಟ್ಸ್‌ಗೆ ಜೋಡಿಸಬಹುದು.

ಇದರ ನಿಜವಾದ ಬಲ ಸೆಕ್ಷನ್‌ಗಳದ್ದು, ಅಂದರೆ ಪ್ರಶ್ನೆಗಳನ್ನು ಬೇರೆಬೇರೆ ಭಾಗ ಮಾಡುವುದು. ‘ಪತ್ರಿಕೆ ಕೊಳ್ಳುತ್ತೀರಾ?’ ಎಂದರೆ ವಾಚನಾಲಯದಲ್ಲಿ ಓದುವವರೂ ಹೌದು ಎಂದುಬಿಡುತ್ತಾರೆ. ‘ಕಳೆದ 3 ತಿಂಗಳಲ್ಲಿ ದುಡ್ಡು ಕೊಟ್ಟು ಕೊಂಡಿದ್ದೀರಾ?’ ಎಂದೇ ಕೇಳಿ. ಪ್ರಶ್ನೆಯ ಮೂರು ಚುಕ್ಕಿ ಒತ್ತಿ, ಉತ್ತರಕ್ಕೆ ತಕ್ಕ ಸೆಕ್ಷನ್‌ಗೆ ಹೋಗುವಂತೆ ಮಾಡಿದರೆ, ಕೊಳ್ಳದವರಿಗೆ ಬೆಲೆಯ ಪ್ರಶ್ನೆ ಬರುವುದೇ ಇಲ್ಲ. ಒಂದೇ ಉತ್ತರ ಆರಿಸುವ ಮಲ್ಟಿಪಲ್ ಚಾಯ್ಸ್, ಡ್ರಾಪ್‌ಡೌನ್‌ಗಳಲ್ಲಿ ಮಾತ್ರ ಇದು ನಡೆಯುತ್ತದೆ, ಹಲವಕ್ಕೆ ಟಿಕ್ ಹಾಕುವ ಚೆಕ್‌ಬಾಕ್ಸ್‌ನಲ್ಲಿ ಇಲ್ಲ.

ಯಾವ ಸಂಗೀತ ಕೇಳುತ್ತೀರಿ ಎಂಬುದಕ್ಕೆ ಚೆಕ್‌ಬಾಕ್ಸೇ ಸರಿ. ಯಕ್ಷಗಾನದ ಪದ, ತುಳು ಸಿನಿಮಾ ಹಾಡು, ಕೊಂಕಣಿ, ಬ್ಯಾರಿ ಹಾಡು, ಭಜನೆ, ಶಾಸ್ತ್ರೀಯ ಎಲ್ಲವನ್ನೂ ಬೇರೆಬೇರೆ ಬರೆಯಿರಿ. ದಯವಿಟ್ಟು ‘ಇತರೆ’ಗೆ ತಳ್ಳಬೇಡಿ. ಅಲ್ಲಿ ಒಂದೇ ಉತ್ತರ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ ಬಂದು ಲೆಕ್ಕ ಒಡೆದುಹೋಗುತ್ತದೆ. ಆಯ್ಕೆಗಳ ಕ್ರಮ ಕಲಸುವ ಗುಂಡಿಯನ್ನೂ ಒತ್ತಿ. ಇಲ್ಲದಿದ್ದರೆ ಮೇಲಿನದಕ್ಕೇ ಹೆಚ್ಚು ಟಿಕ್ ಬೀಳುತ್ತದೆ.

ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಹಿರಿಯರು ಅಲ್ಲೇ ಕೈಬಿಡುತ್ತಾರೆ. ವಾಟ್ಸ್‌ಆ್ಯಪ್ ಲಿಂಕ್ ಬೇರೆ ನಮ್ಮ ಪರಿಚಯದವರಲ್ಲೇ ಸುತ್ತುತ್ತದೆ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯ ಹಳೆ ಕೇಳುಗರು ಸಿಗಬೇಕಾದರೆ ಫಾರ್ಮನ್ನು ಪ್ರಿಂಟ್ ಹಾಕಿಸಿ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕೇಳಿ ತುಂಬಿ, ಆಮೇಲೆ ಕೈಯಿಂದ ಸೇರಿಸಿ.