ಬಾಕ್ಸರ್ ಕಣ್ಣಲ್ಲಿ ಬೆಂಗಳೂರಿನ ದರ್ಶಿನಿ: ಕೊಬ್ಬು ಇಳಿಸುವವರು ಏನು ಆರ್ಡರ್ ಮಾಡಬೇಕು, ಏನು ಬಿಡಬೇಕು

ಬೆಂಗಳೂರಿನಲ್ಲಿ ಬಾಕ್ಸಿಂಗ್ ಕಲಿಯುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಬೆಳಗ್ಗೆ ಓಟ ಮುಗಿಸಿ ಅಲ್ಲಿಂದಲೇ ಕಾಲೇಜಿಗೋ ಕೆಲಸಕ್ಕೋ ಹೊರಡುವವರು. ತಿಂಡಿ ದಾರಿಯಲ್ಲಿ ಸಿಗುವ ದರ್ಶಿನಿಯಲ್ಲೇ ಆಗಬೇಕು. ಪಿಜಿಯಲ್ಲಿರುವವರಿಗಂತೂ ಬೇರೆ ದಾರಿಯೇ ಇಲ್ಲ. ಇಂಥವರಿಗೆ ‘ಹೊರಗೆ ತಿನ್ನಲೇಬೇಡಿ’ ಎಂದು ಹೇಳಿದರೆ ನಾಲ್ಕು ದಿನ ಪಾಲಿಸಿ ಐದನೇ ದಿನ ಬಿಡುತ್ತಾರೆ. ದರ್ಶಿನಿಯ ರುಚಿಯ ಬಗ್ಗೆ ಬರೆಯುವವರು ಸಾಕಷ್ಟಿದ್ದಾರೆ. ಮೈಯ ಕೊಬ್ಬು ಕರಗಬೇಕು, ಆದರೆ ಗುದ್ದಿನ ಶಕ್ತಿ ಕುಗ್ಗಬಾರದು ಎನ್ನುವವರಿಗೆ ಆ ಮೆನು ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದರ್ಶಿನಿ ಪಿಷ್ಟಕ್ಕೆ ಒಳ್ಳೆಯ ಜಾಗ, ಪ್ರೋಟೀನ್‌ಗೆ ಬಡ ಜಾಗ, ಎಣ್ಣೆಯ ವಿಷಯದಲ್ಲಿ ಕಣ್ಣು ಬಿಟ್ಟುಕೊಂಡು ಇರಬೇಕಾದ ಜಾಗ. ಇಡ್ಲಿ ಅಲ್ಲಿ ತಿನ್ನಿ, ಪ್ರೋಟೀನ್ ಬ್ಯಾಗಿನಲ್ಲಿ ಒಯ್ಯಿರಿ.

ಲೆಕ್ಕ ಎಲ್ಲಿಂದ ಶುರುವಾಗುತ್ತದೆ ನೋಡಿ. ಅಮೆಚೂರ್ ಬಾಕ್ಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಬಾಕ್ಸಿಂಗ್ 2025ರಲ್ಲಿ ತಂದ ಪಟ್ಟಿಯಲ್ಲಿ ಗಂಡಸರ ತೂಕದ ವರ್ಗಗಳು 50ರಿಂದ 90 ಕಿಲೋವರೆಗೆ ಐದೈದು ಕಿಲೋ ಅಂತರದಲ್ಲಿವೆ. 68 ಕಿಲೋ ಇರುವವನು 65ಕ್ಕೆ ಇಳಿಯಬೇಕು ಅಂದುಕೊಳ್ಳಿ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 400-500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಹತ್ತಿರಹತ್ತಿರ ಅರ್ಧ ಕಿಲೋ ಇಳಿಯುತ್ತದೆ; ಮೂರು ಕಿಲೋಗೆ ಏಳೆಂಟು ವಾರ ಬೇಕು. ವಾರಕ್ಕೆ ಮೈತೂಕದ ಶೇ. 1ಕ್ಕಿಂತ ವೇಗವಾಗಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಮೂರನೇ ರೌಂಡಿನಲ್ಲಿ ಕೈ ಮೇಲೇಳುವುದಿಲ್ಲ. ಸ್ನಾಯು ಉಳಿಯಬೇಕಾದರೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೋಟೀನ್ ಬೇಕು. ಈ 68 ಕಿಲೋದವನಿಗೆ 2,200 ಕ್ಯಾಲೊರಿಯ ಆಸುಪಾಸು, 130 ಗ್ರಾಂ ಪ್ರೋಟೀನ್ ಎಂದಿಟ್ಟುಕೊಂಡು ಕೌಂಟರ್ ಮುಂದೆ ನಿಲ್ಲೋಣ.

ಇಡ್ಲಿಯೇ ಇಲ್ಲಿ ಮೊದಲ ಆಯ್ಕೆ. ಎಣ್ಣೆಯಿಲ್ಲ, ಹಬೆಯಲ್ಲಿ ಬೆಂದದ್ದು, ಬೇಗ ಅರಗುತ್ತದೆ. ಒಂದಕ್ಕೆ ಗಾತ್ರದ ಮೇಲೆ 80ರಿಂದ 110 ಕ್ಯಾಲೊರಿ, ಪ್ರೋಟೀನ್ ಮೂರು ಗ್ರಾಂ ಹತ್ತಿರ. ತಟ್ಟೆ ಇಡ್ಲಿ ಒಂದನ್ನು ಎರಡು ಇಡ್ಲಿ ಎಂದು ಲೆಕ್ಕ ಹಾಕಿ. ಮೇಲೆ ಬೆಣ್ಣೆ ಹಾಕುವ ಕಡೆ ಮೊದಲೇ ‘ಬೆಣ್ಣೆ ಬೇಡ’ ಅನ್ನಿ. ಎಂಟಿಆರ್‌ನಿಂದ ಹೆಸರಾದ ರವೆ ಇಡ್ಲಿಯದು ಬೇರೆ ಲೆಕ್ಕ, ಅದರಲ್ಲಿ ಒಗ್ಗರಣೆ ಇದೆ, ತುಪ್ಪ ಇದೆ, ಗೋಡಂಬಿ ಇದೆ.

ಇಡ್ಲಿ ತಿನ್ನುವವರು ಎಡವುವುದು ಚಟ್ನಿಯಲ್ಲಿ. ಹುರಿಗಡಲೆ ಜಾಸ್ತಿ, ಕಾಯಿ ಕಮ್ಮಿ ಇರುವ ನೀರು ಚಟ್ನಿ ತೊಂದರೆ ಕೊಡುವುದಿಲ್ಲ. ಗಟ್ಟಿ ಕಾಯಿ ಚಟ್ನಿ ಎರಡು ಸೌಟು ಹಾಕಿಸಿಕೊಂಡರೆ ಇನ್ನೊಂದೂವರೆ ಇಡ್ಲಿ ತಿಂದಂತೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಚಟ್ನಿ ಮಾತ್ರ, ಅದನ್ನೂ ಕೇಳಿದಷ್ಟು ಹಾಕುತ್ತಾರೆ. ಆ ಚಟ್ನಿ ಎದುರಿಗಿದ್ದಾಗ ಕೈ ತಡೆಯುವುದು ಕಷ್ಟ. ಕೊಬ್ಬಿಳಿಸುವ ವಾರಗಳಲ್ಲಿ ಅಲ್ಲಿ ಎರಡು ಇಡ್ಲಿಗೆ ಒಂದೇ ಸಲ ಚಟ್ನಿ ಎಂದು ಗೆರೆ ಹಾಕಿಕೊಂಡು ಹೋಗುವುದು ಒಳ್ಳೆಯದು.

ಸಾಂಬಾರ್ ವಿಷಯದಲ್ಲಿ ‘ಡಿಪ್’ ಬೇಡ, ‘ಸಪರೇಟ್’ ಹೇಳಿ. ಡಿಪ್ ಅಂದರೆ ಬಟ್ಟಲು ಪೂರ್ತಿ ಸುರಿಯುತ್ತಾರೆ, ಎಷ್ಟು ಹೊಟ್ಟೆಗೆ ಹೋಯಿತು ತಿಳಿಯುವುದಿಲ್ಲ. ಬೆಂಗಳೂರು ಸಾಂಬಾರಿಗೆ ಬೆಲ್ಲ ಬೀಳುತ್ತದೆ, ಬೇಳೆ ತೆಳು. ಒಂದು ಬಟ್ಟಲಲ್ಲಿ ಮೂರು ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು. ಅದರ ಉಪ್ಪಿನಿಂದ ಇನ್ನೊಂದು ಗೊಂದಲ ಹುಟ್ಟುತ್ತದೆ. ಉಪ್ಪು ಜಾಸ್ತಿ ಬಿದ್ದ ಮರುದಿನ ದೇಹ ನೀರು ಹಿಡಿದಿಟ್ಟುಕೊಂಡು ಮಾಪಕ ಅರ್ಧ ಕಿಲೋ, ಒಂದು ಕಿಲೋ ಮೇಲೆ ತೋರಿಸಬಹುದು. ಅನ್ನ, ಇಡ್ಲಿ ಹೆಚ್ಚು ತಿಂದ ಮರುದಿನವೂ ಹೀಗೇ: ಸ್ನಾಯುವಿನಲ್ಲಿ ಸೇರುವ ಒಂದು ಗ್ರಾಂ ಗ್ಲೈಕೋಜನ್ (ಪಿಷ್ಟದಿಂದ ಆಗುವ ಶಕ್ತಿಯ ದಾಸ್ತಾನು) ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತದೆ. ಅದು ಕೊಬ್ಬಲ್ಲ. ಹೆದರಿ ಅವತ್ತು ಉಪವಾಸ ಬಿದ್ದರೆ ಸಂಜೆಯ ಸ್ಪಾರಿಂಗ್ (ಜೊತೆಗಾರರೊಡನೆ ಅಭ್ಯಾಸದ ಗುದ್ದಾಟ) ಕೆಡುತ್ತದೆ. ಬೆಳಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ದಿನವೂ ತೂಕ ನೋಡಿ ಬರೆದಿಡಿ. ಹೋಲಿಸಬೇಕಾದದ್ದು ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಗೆ.

ಇನ್ನು ದೋಸೆ. ಕಾವಲಿಯ ಹತ್ತಿರ ನಿಂತು ಒಮ್ಮೆ ನೋಡಿ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರೆ, ಹಿಟ್ಟು ಹರಡುತ್ತಾರೆ, ಎಣ್ಣೆ ಸುರಿಯುತ್ತಾರೆ. ಆ ಎಣ್ಣೆ ದೋಸೆಯ ಅಂಚಿಗೆ ಓಡಿ ಅಲ್ಲಿ ನೊರೆ ಏಳುತ್ತದೆ, ಆಮೇಲೆ ಕೆಂಪು ಚಟ್ನಿ, ಪಲ್ಯ, ಕೊನೆಗೆ ಮೇಲೊಂದು ಚಮಚ ಬೆಣ್ಣೆ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ಎರಡು ಚಮಚ ಬಿದ್ದರೆ ದೋಸೆಯ ಹಿಟ್ಟಿಗಿಂತ ಎಣ್ಣೆಯದೇ ಭಾರ. ಬೆಣ್ಣೆ ಮಸಾಲೆ ಒಂದಕ್ಕೆ 400-500 ಕ್ಯಾಲೊರಿ ಎಂದೇ ಹಿಡಿಯಬೇಕು. 68 ಕಿಲೋದವನು ಒಂದು ಗಂಟೆ ಬ್ಯಾಗ್ ಹೊಡೆದರೆ ಖರ್ಚಾಗುವುದು ಸುಮಾರು 400. ಕಬ್ಬನ್ ಪಾರ್ಕಿನಲ್ಲಿ ಅರ್ಧ ಗಂಟೆ ನಿಧಾನ ಓಟಕ್ಕೆ 280, ಕಾಲು ಗಂಟೆ ಜೋರು ಸ್ಕಿಪ್ಪಿಂಗಿಗೆ 200. ಕೈಗಡಿಯಾರ ಇದಕ್ಕಿಂತ ಹೆಚ್ಚು ತೋರಿಸಿದರೆ ನಂಬಿ ದೋಸೆ ತಿನ್ನಬೇಡಿ. ವಿದ್ಯಾರ್ಥಿ ಭವನದ್ದೋ ಮಲ್ಲೇಶ್ವರದ ಸಿಟಿಆರ್‌ನದೋ ದೋಸೆ ಜೀವನದಲ್ಲಿ ಬಿಡಬೇಕಾದ್ದೇನೂ ಇಲ್ಲ, ವಾರಕ್ಕೊಂದು, ಸ್ಪಾರಿಂಗ್ ಇಲ್ಲದ ದಿನ, ಅವತ್ತಿನ ಲೆಕ್ಕದೊಳಗೆ ಇರಲಿ. ಮಾಮೂಲು ದಿನಗಳಿಗೆ ಖಾಲಿ ದೋಸೆ ಅಥವಾ ಸೆಟ್ ದೋಸೆ, ‘ಎಣ್ಣೆ ಕಮ್ಮಿ ಹಾಕಿ ಅಣ್ಣಾ’ ಎಂದು ಹೇಳಿದರೆ ರಶ್ ಇಲ್ಲದ ಹೊತ್ತಿನಲ್ಲಿ ಖಂಡಿತ ಕೇಳುತ್ತಾರೆ. ಎಂಟೂವರೆಯ ಗಲಾಟೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಖಾರಾಬಾತ್ ಆರೋಗ್ಯಕ್ಕೆ ಹಗುರ ಎಂದು ನಂಬಿರುವವರು ತಿಂದಾದ ಮೇಲೆ ತಟ್ಟೆಯನ್ನು ಓರೆ ಹಿಡಿದು ನೋಡಿ. ಹೊಳೆಯುವುದೆಲ್ಲ ಎಣ್ಣೆ. ಜೊತೆಗೆ ಕೇಸರಿಬಾತ್ ಸೇರಿ ಚೌಚೌಬಾತ್ ಆದರೆ ಒಂದು ಪ್ಲೇಟು ಸುಲಭವಾಗಿ 600 ದಾಟುತ್ತದೆ, ಪ್ರೋಟೀನ್ ಹತ್ತು ಗ್ರಾಂ ಮುಟ್ಟುವುದೂ ಅನುಮಾನ. ಪೂರಿ ಸಾಗು ಬಿಡಿ. ಉದ್ದಿನ ವಡೆ ಒಂದಕ್ಕೆ 180ರ ಆಸುಪಾಸು. ಅದರ ಕ್ಯಾಲೊರಿಗಿಂತ ತೊಂದರೆ ಕೊಡುವುದು ಅದು ಹೊಟ್ಟೆಯಲ್ಲಿ ಕೂತಿರುವ ಹೊತ್ತು. ಕರಿದದ್ದು ನಿಧಾನ ಅರಗುತ್ತದೆ, ಎರಡು ಗಂಟೆಯೊಳಗೆ ರಿಂಗಿಗೆ ಇಳಿದು ಹೊಟ್ಟೆಗೊಂದು ಹುಕ್ (ಬದಿಯಿಂದ ಬರುವ ಗುದ್ದು) ತಿಂದರೆ ಹುಳಿತೇಗು ಗಂಟಲಿಗೆ ಬರುತ್ತದೆ. ಕಾಫಿ ಬೈಟು, ಸಕ್ಕರೆ ಕಮ್ಮಿ. ದಿನಕ್ಕೆ ನಾಲ್ಕು ಫುಲ್ ಕಾಫಿ ಕುಡಿಯುವವರು ಹಾಲು ಸಕ್ಕರೆಯಲ್ಲೇ ಆ 400ರ ಕೊರತೆಯನ್ನು ತುಂಬಿಬಿಡುತ್ತಾರೆ, ಆಮೇಲೆ ‘ಏನೂ ತಿನ್ನದಿದ್ದರೂ ತೂಕ ಇಳಿಯುತ್ತಿಲ್ಲ’ ಅನ್ನುತ್ತಾರೆ.

ಈಗ ಪ್ರೋಟೀನ್, ದರ್ಶಿನಿ ಸೋಲುವ ಕಡೆ. ಮೂರು ಇಡ್ಲಿ, ಸಾಂಬಾರ್ ಸೇರಿ 11-12 ಗ್ರಾಂ ಅಷ್ಟೇ. ಒಂದು ಹೊತ್ತಿಗೆ ಕನಿಷ್ಠ 25 ಬೇಕು. ಮೊಟ್ಟೆ ತಿನ್ನುವವರು ಬೇಯಿಸಿದ ಮೂರನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ, 18 ಗ್ರಾಂ ಸೇರುತ್ತದೆ. ಶುದ್ಧ ಸಸ್ಯಾಹಾರಿ ಹೋಟೆಲಿನೊಳಗೆ ತೆಗೆಯದೆ ಹೊರಗೆ ಬಂದು ತಿನ್ನಿ, ಅದು ಮರ್ಯಾದೆ. ಮೊಟ್ಟೆ ತಿನ್ನದವರಿಗೆ ಒಂದು ಸ್ಕೂಪ್ ವೇ (ಹಾಲಿನ ಪ್ರೋಟೀನ್ ಪುಡಿ) ನೀರಿನಲ್ಲಿ ಕಲಸಿದರೆ 24 ಗ್ರಾಂ ಆಸುಪಾಸು. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26 ಗ್ರಾಂ ಇದೆ, ಬೇಯಿಸಿ ಹಿಂಡಿ ಪಲ್ಯ ಮಾಡಿಟ್ಟುಕೊಂಡರೆ ಮಧ್ಯಾಹ್ನಕ್ಕಾಗುತ್ತದೆ. ಹುರುಳಿಕಾಳು ಅಥವಾ ಹೆಸರುಕಾಳಿನ ಉಸಲಿ 50 ಗ್ರಾಂ ಒಣಕಾಳಿಗೆ 11-12 ಗ್ರಾಂ ಕೊಡುತ್ತದೆ. ನಂದಿನಿ ಮೊಸರು 200 ಗ್ರಾಂ ಪೊಟ್ಟಣ ಆರೇಳು ಗ್ರಾಂ, ಅದು ಪಕ್ಕವಾದ್ಯ ಮಾತ್ರ. ಕಡಲೇಕಾಯಿಯನ್ನು ಪ್ರೋಟೀನ್ ಎಂದು ಹಿಡಿಗಟ್ಟಲೆ ತಿನ್ನಬೇಡಿ: 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ 560ಕ್ಕೂ ಹೆಚ್ಚು ಕ್ಯಾಲೊರಿ ಇದೆ.

ಮಾಂಸ ತಿನ್ನುವವರಿಗೆ ರಾತ್ರಿಯೂಟಕ್ಕೆ ದರ್ಶಿನಿಗಿಂತ ಮಿಲಿಟರಿ ಹೋಟೆಲೇ ವಾಸಿ, ಇದನ್ನು ಹೇಳಲು ಹಿಂಜರಿಕೆಯಿಲ್ಲ. ಒಂದು ರಾಗಿ ಮುದ್ದೆ, ನಾಟಿ ಕೋಳಿ ಸಾರು, ಒಂದು ಪ್ಲೇಟ್ ಲಿವರ್: ಹೊಟ್ಟೆ ತುಂಬುತ್ತದೆ, 40 ಗ್ರಾಂ ಪ್ರೋಟೀನ್ ದಾಟುತ್ತದೆ, ಲಿವರ್‌ನಲ್ಲಿ ಕಬ್ಬಿಣಾಂಶವೂ ಧಾರಾಳ. ಮುದ್ದೆಗೆ ನೂರು ಗ್ರಾಂ ಹಿಟ್ಟು ಹೋಗಿದ್ದರೆ 320 ಕ್ಯಾಲೊರಿ. ಎರಡನೇ ಮುದ್ದೆ ಹಾಕಲು ಬಂದಾಗ ಕೈ ಅಡ್ಡ ಹಿಡಿಯಿರಿ. ಸಾರಿನ ಮೇಲೆ ತೇಲುವ ಕೆಂಪು ಎಣ್ಣೆಯನ್ನು ಚಮಚದಲ್ಲಿ ಪಕ್ಕಕ್ಕೆ ಸರಿಸಿ, ತುಂಡು ತಿನ್ನಿ. ಬಿರಿಯಾನಿ, ಚಾಪ್ಸ್, ಬೋಟಿ ಈ ಎಂಟು ವಾರ ಅಪರೂಪಕ್ಕೆ ಇರಲಿ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಕಬ್ಬಿಣಾಂಶ ಹೀರುವುದು ತಗ್ಗುತ್ತದೆ, ಒಂದು ಗಂಟೆ ಬಿಡಿ. ಹುಡುಗಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ಡಯಟ್ ಶುರುವಾದ ಮೇಲೆ ಮುಟ್ಟು ಏರುಪೇರಾದರೆ ಅಥವಾ ನಿಂತರೆ ತಿನ್ನುವುದು ಸಾಲುತ್ತಿಲ್ಲ ಎಂಬುದರ ಸೂಚನೆ ಇರಬಹುದು. ಕಡಿಮೆ ತಿನ್ನುವುದನ್ನು ನಿಲ್ಲಿಸಿ ವೈದ್ಯರನ್ನು ನೋಡಿ. ಇನ್ನೂ ಬೆಳೆಯುತ್ತಿರುವ ಹದಿನಾರು ಹದಿನೇಳರ ಮಕ್ಕಳಿಗೆ ತೂಕ ಇಳಿಸಲು ಹೇಳುವುದೇ ತಪ್ಪು, ಅವರು ಮೇಲಿನ ವರ್ಗದಲ್ಲಿ ಆಡಲಿ.

ಹೊತ್ತು ಹೊಂದಿಸುವುದು ಹೀಗೆ. ಇಡ್ಲಿ, ಅನ್ನದಂಥ ಪಿಷ್ಟವನ್ನು ಪೂರ್ತಿ ಬಿಟ್ಟರೆ ಮಾಪಕ ಮೊದಲ ವಾರ ಎರಡು ಕಿಲೋ ಇಳಿದದ್ದನ್ನು ತೋರಿಸುತ್ತದೆ, ಹೋದದ್ದು ಬಹುಪಾಲು ನೀರು, ಸ್ಪಾರಿಂಗಿನಲ್ಲಿ ಕಾಲು ಸೀಸವಾಗುತ್ತದೆ. ಸಂಜೆ ಆರಕ್ಕೆ ಸ್ಪಾರಿಂಗ್ ಇದ್ದರೆ ನಾಲ್ಕು ಗಂಟೆಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು ತಿನ್ನಿ, ಚಟ್ನಿ ಇಲ್ಲದೆ. ಬರೀ ನಿಧಾನ ಓಟ ಅಥವಾ ವಿಶ್ರಾಂತಿಯ ದಿನ ಆ ಎರಡು ಇಡ್ಲಿ ಕಳೆಯಿರಿ. ವಾರಕ್ಕೆರಡು ದಿನ ಸ್ಕ್ವಾಟ್, ಪುಲ್‌ಅಪ್, ಪುಷ್‌ಅಪ್‌ನಂಥ ಬಲದ ವ್ಯಾಯಾಮ ಬಿಡಬೇಡಿ. ಕೊರತೆಯಲ್ಲಿರುವ ದೇಹಕ್ಕೆ ಸ್ನಾಯು ಉಳಿಸಿಕೊಳ್ಳಲು ಕಾರಣ ಬೇಕು. ಕೊಬ್ಬು ಬೇಗ ಇಳಿಯಲಿ ಎಂದು ಇನ್ನೊಂದು ಎಚ್‌ಐಐಟಿ (ನಡುನಡುವೆ ಬಿಡುವು ಕೊಟ್ಟು ಮಾಡುವ ತೀವ್ರ ವ್ಯಾಯಾಮ) ಸೇರಿಸುವುದಕ್ಕಿಂತ ಆಫೀಸಿನಿಂದ ಮೆಟ್ರೋ ನಿಲ್ದಾಣಕ್ಕೆ ನಡೆಯಿರಿ, ಭುಜ ಮೊಣಕಾಲಿಗೆ ಹೊರೆಯಾಗುವುದಿಲ್ಲ. ಪ್ಲಾಸ್ಟಿಕ್ ಸೌನಾ ಸೂಟ್ ಹಾಕಿ ಓಡುವುದರಿಂದ ಹೋಗುವುದು ಬೆವರು ಮಾತ್ರ. ಬೇಸಿಗೆಯಲ್ಲಿ ಅದು ಪ್ರಾಣಕ್ಕೂ ಸಂಚಕಾರ.

ವೃತ್ತಿಪರರಂತೆ ನೀರು ಬಿಟ್ಟು ತೂಕ ಹಿಡಿಯುವುದು ಅಮೆಚೂರ್‌ಗೆ ಹೊಂದುವುದಿಲ್ಲ. ಟೂರ್ನಿಯಲ್ಲಿ ಬೌಟ್ (ಪಂದ್ಯ) ಇರುವ ಪ್ರತಿ ದಿನ ಬೆಳಗ್ಗೆ ತೂಕ ನೋಡುತ್ತಾರೆ, ರಿಂಗಿಗೆ ಇಳಿಯಲು ಕೆಲವೇ ಗಂಟೆ ಇರುತ್ತದೆ, ಗೆದ್ದರೆ ಮತ್ತೆ ಅದೇ ತೂಕ ತೋರಿಸಬೇಕು. ಹಾಗಾಗಿ ಟೂರ್ನಿಗೆ ಒಂದು ವಾರ ಮೊದಲೇ ವರ್ಗದ ಮಿತಿಗೆ ಅರ್ಧ ಕಿಲೋ ಒಳಗೆ ಬಂದಿರಿ. ಆ ಬೆಳಗ್ಗೆ ತೂಕ ಮುಗಿದ ಕೂಡಲೇ ಹತ್ತಿರದ ದರ್ಶಿನಿ ಹುಡುಕಿ: ಮೂರು ನಾಲ್ಕು ಇಡ್ಲಿ, ಒಂದು ಬಟ್ಟಲು ಸಾಂಬಾರ್, ಎರಡು ಬಾಳೆಹಣ್ಣು. ಸಾಂಬಾರಿನ ಉಪ್ಪು ಅವತ್ತು ಬೇಕಾದದ್ದೇ. ತುಪ್ಪ, ವಡೆ, ದೋಸೆ ಬೌಟ್ ಮುಗಿದ ಮೇಲೆ. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಒಂದೇ ಉಸಿರಿಗೆ ಕುಡಿದರೆ ಹೊಟ್ಟೆ ಕುಲುಕಾಡುತ್ತದೆ.