ಮುಟ್ಟದೆ ಬಿಸಿ ಅಳೆಯುವ ಗನ್ನು: ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಮೊದಲೇ ಹೇಳಿಬಿಡುತ್ತೇನೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ನು ಒಳ್ಳೆಯ ವಸ್ತು. ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಹೊಳೆಯುವ ಸ್ಟೀಲ್ ಪಾತ್ರೆಗೆ ಗುರಿಯಿಟ್ಟರೆ ಅದು ಹಸಿ ಸುಳ್ಳು ಹೇಳುತ್ತದೆ. ಸುಳ್ಳು ಯಾಕೆ ಬರುತ್ತದೆ ಅಂತ ತಿಳಿದಿದ್ದರೆ ಇದರಷ್ಟು ಉಪಯೋಗದ ಸಾಧನ ಮನೆಯಲ್ಲಿ ಇನ್ನೊಂದಿಲ್ಲ. ತಿಳಿಯದೆ ತಂದರೆ ಒಂದು ವಾರ ಎಲ್ಲರ ಹಣೆಗೂ ಹಿಡಿದು ಆಟ ಆಡಿ, ಆಮೇಲೆ ಡ್ರಾಯರಿಗೆ ಹಾಕುತ್ತೀರಿ.

ನನ್ನದು ಸಾಧಾರಣ ಮಾಡೆಲ್. ಪಿಸ್ತೂಲಿನ ಆಕಾರ, ಹಳದಿ-ಕಪ್ಪು ಪ್ಲಾಸ್ಟಿಕ್ಕು, ಮುಂದೆ ಒಂದು ಲೆನ್ಸು, ಅದರ ಮೇಲೆ ಚಿಕ್ಕ ಲೇಸರ್. −50ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಅಳೆಯುತ್ತದೆ ಅಂತ ಡಬ್ಬಿಯ ಮೇಲಿದೆ. ಟ್ರಿಗರ್ ಒತ್ತಿದರೆ ಅರೆ ಸೆಕೆಂಡಿನಲ್ಲಿ ಸ್ಕ್ರೀನಿನ ಮೇಲೆ ಅಂಕಿ. ಅಮ್ಮ ಇದಕ್ಕೆ "ನಿನ್ನ ಬಂದೂಕು" ಅನ್ನುತ್ತಾಳೆ. ಅವಳಿಗೆ ಇದರ ಮೇಲೆ ಮೊದಲಿಂದಲೂ ಅನುಮಾನ.

ಆ ಅನುಮಾನಕ್ಕೆ ಕಾರಣ ಒಂದು ಸ್ಟೀಲ್ ಬಾಣಲೆ. ಒಲೆಯ ಮೇಲೆ ಖಾಲಿ ಕಾಯುತ್ತಿತ್ತು. ನಾನು ಗನ್ನು ಹಿಡಿದೆ: 74 ಡಿಗ್ರಿ. ಅಮ್ಮ ಬೆರಳು ಅದ್ದಿ ನಾಲ್ಕು ಹನಿ ನೀರು ಚಿಮುಕಿಸಿದಳು. ಹನಿಗಳು ಆವಿಯಾಗಿ ಹೋಗಲಿಲ್ಲ, ಗುಂಡಗಾಗಿ ಬಾಣಲೆ ತುಂಬಾ ಓಡಾಡಿದವು. "ಎಪ್ಪತ್ನಾಲ್ಕಕ್ಕೆ ನೀರು ಹೀಗೆ ಕುಣಿಯುತ್ತೇನೋ?" ಅಂದಳು.

ಅವಳು ಹೇಳಿದ್ದೇ ಸರಿ. ಹನಿಯ ಕೆಳಗೆ ಆವಿಯ ತೆಳು ಪದರ ಹುಟ್ಟಿ, ಹನಿ ಅದರ ಮೇಲೆ ತೇಲುವುದಕ್ಕೆ ಲೋಹ ಸುಮಾರು 200 ಡಿಗ್ರಿಯಾದರೂ ಕಾದಿರಬೇಕು. ಇದನ್ನು ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ. ಅಂದರೆ ನಾಲ್ಕು ಹನಿ ನೀರು ಕೊಟ್ಟ ಉತ್ತರ ಸರಿ, ಬ್ಯಾಟರಿ ಹಾಕಿದ ಯಂತ್ರ ಕೊಟ್ಟ ಉತ್ತರ ನೂರು ಡಿಗ್ರಿಗಿಂತಲೂ ಜಾಸ್ತಿ ತಪ್ಪು.

ಯಂತ್ರ ಕೆಟ್ಟಿರಲಿಲ್ಲ. ಇದು ಬಿಸಿಯನ್ನು ಅಳೆಯುವುದೇ ಇಲ್ಲ, ಬೆಳಕನ್ನು ಅಳೆಯುತ್ತದೆ. ಎಲ್ಲ ವಸ್ತುಗಳೂ ತಮ್ಮ ಬಿಸಿಗೆ ತಕ್ಕಂತೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊರಸೂಸುತ್ತವೆ. ಇಂಥ ಕಿರಣ ಇದೆ ಅಂತ ಮೊದಲು ಕಂಡವನು ವಿಲಿಯಂ ಹರ್ಷೆಲ್, ಯುರೇನಸ್ ಗ್ರಹ ಕಂಡುಹಿಡಿದವನೇ. 1800ರಲ್ಲಿ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟ. ಕೆಂಪಿನಿಂದ ಆಚೆ, ಏನೂ ಕಾಣದ ಜಾಗದಲ್ಲಿ ಪಾದರಸ ಎಲ್ಲಕ್ಕಿಂತ ಮೇಲೆ ಏರಿತ್ತು. ವಸ್ತು ಬಿಸಿಯಾದಷ್ಟೂ ಈ ಹೊರಸೂಸುವಿಕೆ ಜೋರಾಗಿ ಏರುತ್ತದೆ. ಕೆಲ್ವಿನ್ ಲೆಕ್ಕದ (−273 ಡಿಗ್ರಿ ಸೆಲ್ಸಿಯಸ್ಸನ್ನು ಸೊನ್ನೆ ಅಂತ ಎಣಿಸುವ) ತಾಪಮಾನ ಎರಡರಷ್ಟಾದರೆ ಹೊರಬರುವ ಶಕ್ತಿ 16 ಪಟ್ಟು. 1879ರಲ್ಲಿ ಸ್ಟೆಫಾನ್ ಪ್ರಯೋಗದ ಅಂಕಿಗಳಿಂದ ಇದನ್ನು ಹೆಕ್ಕಿದ, 1884ರಲ್ಲಿ ಬೋಲ್ಟ್ಸ್‌ಮನ್ ಸಿದ್ಧಾಂತದಿಂದ ಸಾಧಿಸಿ ತೋರಿಸಿದ. ಗನ್ನಿನೊಳಗಿನ ಎಲೆಕ್ಟ್ರಾನಿಕ್ ಚಿಪ್ ಈ ನಿಯಮದ ಮೇಲೆಯೇ ಲೆಕ್ಕ ಹಾಕುವುದು.

ತೊಡಕಿರುವುದು ಮೇಲ್ಮೈಯಲ್ಲಿ. ಒಂದೇ ಬಿಸಿಯಲ್ಲಿದ್ದರೂ ಎಲ್ಲ ಮೇಲ್ಮೈಗಳೂ ಒಂದೇ ಸಮ ಹೊರಸೂಸುವುದಿಲ್ಲ. ಪೇಂಟು, ಮರ, ಕಾಗದ, ಪ್ಲಾಸ್ಟಿಕ್, ನೀರು, ನಮ್ಮ ಚರ್ಮ ಇವೆಲ್ಲ ಉದಾರಿಗಳು. ಸಾಧ್ಯವಿರುವ ಪೂರ್ತಿ ಕಿರಣದಲ್ಲಿ 90ರಿಂದ 98 ಶೇಕಡ ಬಿಟ್ಟುಕೊಡುತ್ತವೆ. ಉಜ್ಜಿ ಹೊಳಪು ಮಾಡಿದ ಲೋಹ ಮಹಾ ಜಿಪುಣ. ಹೊಳೆಯುವ ಅಲ್ಯೂಮಿನಿಯಂ 5 ಶೇಕಡ ಬಿಟ್ಟರೆ ಹೆಚ್ಚು. ಈ ಗುಣಕ್ಕೆ ಎಮಿಸಿವಿಟಿ ಅನ್ನುತ್ತಾರೆ. ಗನ್ನು ಕಾರ್ಖಾನೆಯಿಂದ ಬರುವಾಗಲೇ ಅದನ್ನು 0.95 ಅಂತ ಊಹಿಸಿಕೊಂಡು ಬಂದಿರುತ್ತದೆ. ಸ್ಟೀಲಿನಿಂದ ಬಂದ ಅಷ್ಟಿಷ್ಟು ಕಿರಣ ನೋಡಿ "ಓಹೋ, ಇದು ತಣ್ಣಗಿದೆ" ಅಂತ ತೀರ್ಮಾನಿಸುತ್ತದೆ. ಮೇಲಾಗಿ ಆ ಸ್ಟೀಲು ಅವಕೆಂಪು ಕಿರಣಕ್ಕೆ ಕನ್ನಡಿ ಬೇರೆ. ತಣ್ಣಗಿರುವ ಸ್ಟೀಲ್ ತಟ್ಟೆಗೆ ಗುರಿಯಿಟ್ಟು, ಪಕ್ಕದಲ್ಲಿ ಇನ್ನೊಂದು ಕೈ ಅಡ್ಡ ಹಿಡಿದು ನೋಡಿ. ಅಂಕಿ ಏರುತ್ತದೆ. ತಟ್ಟೆ ಬಿಸಿಯಾಗಿಲ್ಲ, ನಿಮ್ಮ ಅಂಗೈಯ ಬಿಂಬವನ್ನು ಗನ್ನು ಓದುತ್ತಿದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ನಾನಂತೂ ಬಂದವರಿಗೆಲ್ಲ ತೋರಿಸುತ್ತೇನೆ. ಸ್ಟೀಲ್ ಮೈಯ ಎಲೆಕ್ಟ್ರಿಕ್ ಕೆಟಲ್ ಬೇಕು, ಒಂದೇ ಪದರದ ಗೋಡೆ ಇರುವಂಥದ್ದು. ಹೊರಗಡೆ ಒಂದು ಕಡೆ ಪೇಂಟರುಗಳು ಬಳಸುವ ಕಾಗದದ ಟೇಪ್ ಅಂಟಿಸಿ. ನೀರು ಕುದಿಸಿ, ಸ್ವಿಚ್ ಆರಿಸಿ, ಎರಡೂ ಜಾಗಕ್ಕೆ ಗನ್ನು ಹಿಡಿಯಿರಿ. ನನಗೆ ಬರೀ ಸ್ಟೀಲಿನ ಮೇಲೆ 43 ಬಂತು, ಟೇಪಿನ ಮೇಲೆ 94. ಒಂದೇ ಕೆಟಲ್, ಒಂದೇ ನೀರು, ನಡುವೆ ಎರಡು ಬೆರಳಿನ ಅಂತರ. ಜಾನ್ ಲೆಸ್ಲಿ 1804ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದೇ ಪ್ರಯೋಗ. ಲೋಹದ ಚೌಕ ಡಬ್ಬಿಯಲ್ಲಿ ಬಿಸಿನೀರು ತುಂಬಿಸಿ, ಒಂದು ಮುಖ ಹೊಳಪು, ಇನ್ನೊಂದಕ್ಕೆ ಮಸಿ, ಹೀಗೆ ಬೇರೆ ಬೇರೆ ಮಾಡಿ ಅಳೆದ. ಕಪ್ಪು ಪೇಂಟಿಗೂ ಬಿಳಿ ಪೇಂಟಿಗೂ ಇಲ್ಲಿ ಹೆಚ್ಚು ವ್ಯತ್ಯಾಸ ಸಿಗುವುದಿಲ್ಲ ಅನ್ನುವುದು ಇನ್ನೊಂದು ಸ್ವಾರಸ್ಯ. ಕಣ್ಣಿಗೆ ಬಿಳಿ ಕಂಡದ್ದು ಅವಕೆಂಪಿನಲ್ಲಿ ಕಪ್ಪೇ.

ಹಾಗಾಗಿ ಗನ್ನಿನ ಜೊತೆ ಒಂದು ಟೇಪಿನ ಸುರುಳಿ ಇಟ್ಟುಕೊಳ್ಳಿ. ನೂರು ಡಿಗ್ರಿ ದಾಟುವ ಜಾಗಕ್ಕೆ ಟೇಪ್ ಬೇಡ, ಸುಟ್ಟು ನಾರುತ್ತದೆ. ಕಪ್ಪಗೆ ಪಳಗಿದ ಕಬ್ಬಿಣದ ಬಾಣಲೆ ಇದ್ದರೆ ಟೇಪಿನ ಗೊಡವೆಯೇ ಇಲ್ಲ, ಅದರ ಮೇಲೆ ಗನ್ನು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಎಮಿಸಿವಿಟಿಯನ್ನು ನಾವೇ ಬದಲಿಸಬಹುದು. ನನ್ನದರಲ್ಲೂ ಇದೆ. ಅದನ್ನು 0.1ಕ್ಕೆ ಇಳಿಸಿ ಸ್ಟೀಲು ಅಳೆಯಲು ಹೋಗಬೇಡಿ. ಅಷ್ಟು ಕೆಳಗೆ ಊಹೆಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಉತ್ತರ ಹತ್ತಾರು ಡಿಗ್ರಿ ಜಿಗಿಯುತ್ತದೆ.

ಅಮ್ಮನ ಪಕ್ಷ ಇಷ್ಟು ಹೊತ್ತು ವಹಿಸಿದ್ದಾಯಿತು. ಈಗ ಗನ್ನು ಗೆದ್ದ ಕಥೆ. ನಮ್ಮ ಊಟದ ಮೇಜಿನ ಮೇಲ್ಭಾಗ ಮರ, ಕಾಲುಗಳು ಪೇಂಟ್ ಹೊಡೆದ ಕಬ್ಬಿಣ. ಬೆಳಗ್ಗೆ ಮುಟ್ಟಿದರೆ ಕಬ್ಬಿಣ ತಣ್ಣಗೆ, ಮರ ಹಿತವಾಗಿ ಇರುತ್ತದೆ. ಗನ್ನು ಎರಡಕ್ಕೂ 22 ತೋರಿಸಿತು. ಅಮ್ಮ ಮತ್ತೆ ಮುಟ್ಟಿ ನೋಡಿ ತಲೆ ಆಡಿಸಿದಳು. ಈ ಸಲ ತಪ್ಪು ಕೈಯದು. ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಇದ್ದ ಎರಡು ವಸ್ತುಗಳ ಬಿಸಿ ಬೇರೆ ಬೇರೆ ಆಗಲು ಸಾಧ್ಯವೇ ಇಲ್ಲ. ಕಬ್ಬಿಣ ಬೆರಳಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ. ಚರ್ಮಕ್ಕೆ ಗೊತ್ತಾಗುವುದು ಶಾಖ ಹೋಗುವ ವೇಗ. ಗನ್ನು ಬೆಳಕು ನೋಡಿ ಊಹಿಸುತ್ತದೆ, ಕೈ ವೇಗ ನೋಡಿ ಊಹಿಸುತ್ತದೆ. ಇಬ್ಬರೂ ಊಹೆಯವರೇ. ಯಾವ ಮೇಲ್ಮೈಯಲ್ಲಿ ಯಾರ ಊಹೆ ಗಟ್ಟಿ ಅನ್ನುವುದಷ್ಟೇ ಪ್ರಶ್ನೆ.

ಈ ಸಾಧನದ ಪೂರ್ತಿ ಬೆಲೆ ವಸೂಲಾದದ್ದು ಒಂದು ಪ್ಲಗ್ಗಿನಿಂದ. ರೂಮ್ ಹೀಟರ್ ಹಾಕಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ಸುಮ್ನೆ ಗುರಿಯಿಟ್ಟೆ. ಪಕ್ಕದ ಪ್ಲಗ್ 29 ಇತ್ತು, ಹೀಟರಿನದು 61! ವಾಸನೆ ಇಲ್ಲ, ಹೊಗೆ ಇಲ್ಲ, ಕಿಡಿಯೂ ಇಲ್ಲ. ಬಿಚ್ಚಿ ನೋಡಿದರೆ ಒಳಗಿನ ಹಿತ್ತಾಳೆಯ ಪಟ್ಟಿ ಸಡಿಲವಾಗಿ, ಪಿನ್ನು ಒಂದು ಅಂಚಿಗೆ ಮಾತ್ರ ತಾಗುತ್ತಿತ್ತು. ತಾಗುವ ಜಾಗ ಚಿಕ್ಕದಾದಷ್ಟೂ ಅಲ್ಲಿ ತಡೆ ಜಾಸ್ತಿ, ಬಿಸಿಯೂ ಜಾಸ್ತಿ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ, ಇದು ಜೌಲ್ 1840ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟ ನಿಯಮ. ಅದಕ್ಕೇ ಅದೇ ಸಡಿಲ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿದಾಗ ಏನೂ ಆಗುವುದಿಲ್ಲ, ಹೀಟರ್ ಹಾಕಿದಾಗ ಪ್ಲಾಸ್ಟಿಕ್ ಕರಗಲು ಶುರು. ಪ್ಲಗ್ಗಿನ ಪ್ಲಾಸ್ಟಿಕ್ ಹೊರಸೂಸುವುದರಲ್ಲಿ ಉದಾರಿ, ಆದ್ದರಿಂದ ಇಲ್ಲಿ ಗನ್ನಿನ ಮಾತು ನಂಬಬಹುದು. ಬೋರ್ಡ್ ಬದಲಿಸಿದೆ. ಈಗ ಹೀಟರ್, ಇಸ್ತ್ರಿ ಪೆಟ್ಟಿಗೆ, ಗೀಸರ್, ಹೆಚ್ಚು ಕರೆಂಟ್ ಎಳೆಯುವ ಎಲ್ಲದರ ಪ್ಲಗ್ಗಿಗೂ ಆಗಾಗ ಗುರಿಯಿಡುತ್ತೇನೆ. ಹಿಂದೆ ಮುಟ್ಟಿ ನೋಡುತ್ತಿದ್ದೆ. ಕರೆಂಟ್ ಇರುವ ಜಾಗವನ್ನು ಮುಟ್ಟದೆ ಅಳೆಯುವುದೇ ಒಳ್ಳೆಯದು ಅಲ್ವಾ.

ಲೇಸರ್ ಬಗ್ಗೆ ಒಂದು ಮಾತು. ಬಹಳ ಜನ ಆ ಕೆಂಪು ಚುಕ್ಕಿಯೇ ಅಳೆಯುತ್ತದೆ ಅಂದುಕೊಂಡಿದ್ದಾರೆ. ಅದು ಬರೀ ಗುರಿ ತೋರಿಸಲು. ಗನ್ನು ನಿಜವಾಗಿ ನೋಡುವ ಜಾಗ ಟಾರ್ಚಿನ ಬೆಳಕಿನ ಹಾಗೆ ದೂರ ಹೋದಷ್ಟೂ ಅಗಲವಾಗುತ್ತದೆ. ಡಬ್ಬಿಯ ಮೇಲೆ 12:1 ಅಂತ ಇದ್ದರೆ, 60 ಸೆಂಟಿಮೀಟರ್ ದೂರದಲ್ಲಿ 5 ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿ ಸಿಗುತ್ತದೆ. ಕೋಣೆಯ ಆ ತುದಿಯಿಂದ ಪ್ಲಗ್ಗಿಗೆ ಗುರಿಯಿಟ್ಟರೆ ನೀವು ಅಳೆಯುವುದು ಗೋಡೆಯನ್ನು. ಹತ್ತಿರ ಹೋಗಿ. ತೀರಾ ಹತ್ತಿರ ಹೋದರೆ ಚುಕ್ಕಿ ಮತ್ತು ಲೆನ್ಸು ಒಂದೇ ಕಡೆ ನೋಡುವುದಿಲ್ಲ, ಚುಕ್ಕಿಗಿಂತ ಸ್ವಲ್ಪ ಕೆಳಗಿನ ಜಾಗ ಅಳತೆಯಾಗುತ್ತದೆ. ಮಕ್ಕಳ ಕಣ್ಣಿಗೆ ಹಿಡಿಯಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಇದು ಅರ್ಧ ಒಳ್ಳೆಯದು. ನೀರು ಚೆನ್ನಾಗಿ ಹೊರಸೂಸುತ್ತದೆ, ಆದರೆ ಗನ್ನಿಗೆ ಕಾಣುವುದು ಮೇಲಿನ ತೆಳು ಪದರ ಮಾತ್ರ. ಆವಿಯಾಗುತ್ತಾ ಆ ಪದರ ಒಳಗಿನ ನೀರಿಗಿಂತ ತಣ್ಣಗಿರುತ್ತದೆ. ಸ್ನಾನದ ಬಕೆಟ್ ಅಳೆಯುವ ಮೊದಲು ಕೈಯಿಂದಲ್ಲ, ಮಗ್ಗಿನಿಂದ ಚೆನ್ನಾಗಿ ಕಲಕಿ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲೇ ಚರ್ಮವನ್ನು ಕೆಟ್ಟದಾಗಿ ಸುಡುತ್ತದೆ. ಕುದಿಯುವ ನೀರಿನ ಮೇಲೆ ಹಿಡಿದರೆ ಲೆನ್ಸಿಗೆ ಹಬೆ ಕೂತು ಅಂಕಿ ಕೆಳಗೆ ಬರುತ್ತದೆ, ಅದನ್ನು ನಂಬಬೇಡಿ.

ಕುದಿಯುವ ನೀರಿನೊಳಗೆ ಹೋಗುವ ಶಾಖವಂತೂ ಯಾವ ಥರ್ಮಾಮೀಟರಿಗೂ ಸಿಗುವುದಿಲ್ಲ. ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೌಲ್ ಬೇಕು. ಅದೇ ನೀರು ಪೂರ್ತಿ ಆವಿಯಾಗಲು 2,250 ಕಿಲೋಜೌಲ್‌ಗೂ ಜಾಸ್ತಿ, ಅಂದರೆ ಏಳು ಪಟ್ಟು. ಈ ಏಳು ಪಟ್ಟು ಶಾಖ ಒಳಗೆ ಹೋಗುತ್ತಿರುವಷ್ಟೂ ಹೊತ್ತು ತಾಪಮಾನ ನೂರರಿಂದ ಅಲುಗುವುದಿಲ್ಲ. 1760ರ ದಶಕದಲ್ಲಿ ಜೋಸೆಫ್ ಬ್ಲ್ಯಾಕ್ ಇದನ್ನು ಗುಪ್ತೋಷ್ಣ ಅಂತ ಗುರುತಿಸಿದ. ಹಬೆ ಕೈಗೆ ತಾಗಿದಾಗ ಅಷ್ಟು ಸುಡುವುದು ಆ ಶಾಖವನ್ನೆಲ್ಲ ಹಬೆ ಚರ್ಮದ ಮೇಲೆ ವಾಪಸ್ ಸುರಿಯುವುದರಿಂದ. ಗನ್ನು ತಾಪಮಾನ ಹೇಳುತ್ತದೆ, ಎಷ್ಟು ಶಾಖ ತುಂಬಿದೆ ಅಂತ ಹೇಳುವುದಿಲ್ಲ. ಅದನ್ನು ಇದರ ತಪ್ಪು ಅನ್ನಲಾರೆ.

ಗಾಜಿನ ಆಚೆ ಇರುವುದನ್ನು ಅಳೆಯಲಾಗುವುದಿಲ್ಲ. ಈ ಗನ್ನುಗಳು ನೋಡುವ 8ರಿಂದ 14 ಮೈಕ್ರೋಮೀಟರ್ ಕಿರಣಕ್ಕೆ ಗಾಜು ಗೋಡೆಯೇ, ನಿಮಗೆ ಗಾಜಿನ ಬಿಸಿಯೇ ಸಿಗುತ್ತದೆ. ತೆಳು ಪಾಲಿಥೀನ್ ಚೀಲ ಮಾತ್ರ, ಕಪ್ಪಗಿದ್ದರೂ, ಆ ಕಿರಣವನ್ನು ಬಹುಪಾಲು ಬಿಟ್ಟುಕೊಡುತ್ತದೆ. ಗಾಜು ಮುಚ್ಚುತ್ತದೆ, ಕಪ್ಪು ಚೀಲ ತೋರಿಸುತ್ತದೆ. ತಮಾಷೆಯಾಗಿದೆ ಅಲ್ವಾ?

ಇನ್ನು ನನಗೆ ತುಂಬಾ ಖುಷಿ ಕೊಟ್ಟ, ಯಾವ ಕೆಲಸಕ್ಕೂ ಬಾರದ ಅಳತೆ ಒಂದಿದೆ. ರಾತ್ರಿ ಮೋಡವಿಲ್ಲದ ಆಕಾಶಕ್ಕೆ ಗುರಿಯಿಟ್ಟೆ: −24. ಮೈಗೆ ತಾಗುವ ಗಾಳಿ 20ರ ಮೇಲಿತ್ತು. ಅದೇ 8ರಿಂದ 14ರ ಕಿಂಡಿಯಲ್ಲಿ ಒಣ ಗಾಳಿ ಬಹುಮಟ್ಟಿಗೆ ಪಾರದರ್ಶಕ, ಅದರಿಂದಾಚೆ ತಣ್ಣನೆಯ ಎತ್ತರಗಳು ಕಾಣುತ್ತವೆ. ಮೋಡ ಕವಿದ ರಾತ್ರಿ ಹಿಡಿದರೆ ಅಂಕಿ ಎಷ್ಟೋ ಮೇಲೆ ಬರುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಜಾಸ್ತಿ ತಣ್ಣಗಾಗಿ ಇಬ್ಬನಿ ಬೀಳುವುದು ಯಾಕೆ ಅಂತ ಪುಸ್ತಕದಲ್ಲಿ ಓದಿದ್ದೆ. ನೆಲದ ಶಾಖ ಹೊರಟು ಹೋಗುವ ದಾರಿ ಎಷ್ಟು ತಣ್ಣಗಿದೆ ಅಂತ ಸ್ಕ್ರೀನಿನಲ್ಲಿ ನೋಡಿದ್ದು ಆಗಲೇ.

ದೂರುಗಳೂ ಇವೆ. ಮ್ಯಾನ್ಯುಯಲ್ ಅಂತ ಕೊಟ್ಟ ಕಾಗದದಲ್ಲಿ ಎಮಿಸಿವಿಟಿ ಬಗ್ಗೆ ಒಂದೇ ಸಾಲು, ಅದೂ ಇರುವೆಯಷ್ಟು ಅಕ್ಷರದಲ್ಲಿ. ನಾನು ಕಡಿದ ಒಂದು ಅಂಕ ಅದಕ್ಕೇ. ಫ್ಯಾರನ್‌ಹೈಟ್ ಗುಂಡಿ ಬೆರಳಿಗೆ ಸಿಗುವ ಜಾಗದಲ್ಲೇ ಇದೆ, ಇದ್ದಕ್ಕಿದ್ದಂತೆ ಕೋಣೆ 79 ಡಿಗ್ರಿ ತೋರಿಸಿ ಎದೆ ಝಲ್ ಅನ್ನಿಸುತ್ತದೆ. ತಣ್ಣನೆಯ ಕೋಣೆಯಿಂದ ಬಿಸಿ ಜಾಗಕ್ಕೆ ತಂದ ತಕ್ಷಣ ಅಳೆಯಬೇಡಿ. ಒಳಗಿನ ಸೆನ್ಸರ್ ತನ್ನ ಮೈಯ ಬಿಸಿಗೂ ಎದುರಿನದಕ್ಕೂ ಇರುವ ವ್ಯತ್ಯಾಸವನ್ನು ನೋಡುತ್ತದೆ, ತನ್ನ ಮೈಯೇ ಬದಲಾಗುತ್ತಿದ್ದರೆ ಲೆಕ್ಕ ಎಲ್ಲಿ ನಿಲ್ಲಬೇಕು. ಅರ್ಧ ಗಂಟೆ ಬಿಡಿ.

ಜ್ವರ ನೋಡಲು ಮಾತ್ರ ಇದು ಬೇಡವೇ ಬೇಡ. ಇಂಥ ಗನ್ನುಗಳ ನಿಖರತೆ ಸಾಮಾನ್ಯವಾಗಿ ±2 ಡಿಗ್ರಿ ಅಥವಾ ±2 ಶೇಕಡ, ಯಾವುದು ಜಾಸ್ತಿಯೋ ಅದು. ಬಾಣಲೆಗೆ ಅಷ್ಟು ಸಾಕು. ಆದರೆ 37ಕ್ಕೂ 39ಕ್ಕೂ ಇರುವ ವ್ಯತ್ಯಾಸವೇ ಎರಡು ಡಿಗ್ರಿ. ಹಣೆಯ ಚರ್ಮ ಮೈಯೊಳಗಿಗಿಂತ ತಣ್ಣಗೆ ಬೇರೆ ಇರುತ್ತದೆ. ಜ್ವರದ ಥರ್ಮಾಮೀಟರುಗಳು ಆ ಲೆಕ್ಕ ಸೇರಿಸಿಯೇ ಬರುತ್ತವೆ, ಅದನ್ನೇ ತನ್ನಿ.

ಕೊಳ್ಳುವಾಗ ಡಬ್ಬಿಯಲ್ಲಿ ಎರಡು ವಿಷಯ ನೋಡಿ. ದೂರ ಮತ್ತು ವೃತ್ತದ ಅನುಪಾತ 12:1 ಅಥವಾ ಅದಕ್ಕಿಂತ ಮೇಲಿರಲಿ, 8:1 ಆದರೆ ತುಂಬಾ ಹತ್ತಿರ ಹೋಗಬೇಕಾಗುತ್ತದೆ. ಎಮಿಸಿವಿಟಿ ಬದಲಿಸುವ ಸೌಲಭ್ಯ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಟೇಪ್ ಇದೆ. 1000 ಡಿಗ್ರಿವರೆಗೆ ಅಳೆಯುತ್ತೆ ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಮರುಳಾಗಬೇಡಿ. ಮನೆಯಲ್ಲಿ ಕುಲುಮೆ ಇಟ್ಟಿಲ್ಲದಿದ್ದರೆ 400 ಧಾರಾಳವಾಯಿತು.