ಒಟಿಪಿ ಬರಲೇ ಇಲ್ಲ, ಇಮೇಲ್ ಮಾತ್ರ ಕೈತಪ್ಪಿತು

ಎರಡು ಹಂತದ ಪರಿಶೀಲನೆ ಆನ್ ಇದೆ, ಇನ್ನೇನು ಭಯ ಅಂತ ನಿರಾಳವಾಗಿ ಕೂತವರು ಇದನ್ನು ಓದಿ. ನನ್ನ ಇಮೇಲ್‌ಗೂ ಅದು ಆನ್ ಇತ್ತು. ಪಾಸ್‌ವರ್ಡ್ ಉದ್ದವಾಗಿತ್ತು, ಬೇರೆಲ್ಲೂ ಬಳಸಿರಲಿಲ್ಲ. ಆದರೂ ಯಾರೋ ಒಳಗೆ ಬಂದರು. ಫೋನಿಗೆ ಒಂದು ಒಟಿಪಿಯೂ ಬರಲಿಲ್ಲ.

ಗೊತ್ತಾಗಿದ್ದು ಪರಿಚಯದವರೊಬ್ಬರು ಫೋನ್ ಮಾಡಿದಾಗ. "ಅರ್ಜೆಂಟಾಗಿ ದುಡ್ಡು ಬೇಕು ಅಂತ ಮೇಲ್ ಹಾಕಿದ್ದೀರಲ್ಲ, ಏನಾಯ್ತು?" ಅಂದರು. ಸೆಂಟ್ ಫೋಲ್ಡರ್‌ನಲ್ಲಿ ಅಂಥ ಮೇಲೇ ಇರಲಿಲ್ಲ. ಕಳಿಸಿದ ಮೇಲೆ ಅಳಿಸಿಯೂ ಹಾಕಿದ್ದರು.

ಕಳ್ಳ ಬಂದ ದಾರಿ ನಮ್ಮ ಮನೆಯಲ್ಲಿ ಎಲ್ಲರೂ ಬಳಸುವ ಲ್ಯಾಪ್‌ಟಾಪ್. ಯಾವುದೋ ಫೈಲ್ ಹುಡುಕುವಾಗ ಒಂದು ಪುಟದಲ್ಲಿ "ನಾನು ರೋಬೋಟ್ ಅಲ್ಲ" ಅನ್ನುವ ಪೆಟ್ಟಿಗೆ ಬಂದಿದೆ. ಅದನ್ನು ಒತ್ತಿದರೆ ಹೊಸ ಸೂಚನೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್. ಮನೆಯವರೊಬ್ಬರು ಹೇಳಿದ ಹಾಗೆ ಮಾಡಿದ್ದಾರೆ. ಆ ಪುಟ ಅಷ್ಟರಲ್ಲೇ ಒಂದು ಕಮಾಂಡನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ಪೇಸ್ಟ್ ಮಾಡಿ ಎಂಟರ್ ಒತ್ತಿದರೆ ಅದು ನಮ್ಮ ಕೈಯಿಂದಲೇ ಓಡುತ್ತದೆ. ಕ್ಲಿಕ್‌ಫಿಕ್ಸ್ ಅನ್ನುವ ಈ ವಂಚನೆ 2024ರಿಂದ ತುಂಬಾ ಹರಡಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ತೆರೆಯುವುದು ಕಮಾಂಡ್ ಓಡಿಸುವ ರನ್ ಪೆಟ್ಟಿಗೆ. ನಿಜವಾದ ಯಾವ ಕ್ಯಾಪ್ಚಾ (ರೋಬೋಟ್ ಅಲ್ಲ ಅಂತ ಖಾತ್ರಿ ಮಾಡುವ ಪರೀಕ್ಷೆ) ಕೂಡ ಅದನ್ನು ತೆರೆಯಿರಿ ಅಂತ ಹೇಳುವುದಿಲ್ಲ. ಇದೊಂದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಹಾಗೆ ಓಡಿದ್ದು ಇನ್ಫೋಸ್ಟೀಲರ್ ಅನ್ನುವ ಜಾತಿಯ ಮಾಲ್‌ವೇರ್. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಜೊತೆ ಸೆಷನ್ ಕುಕಿಗಳನ್ನೂ ಅದು ಬಾಚಿಕೊಳ್ಳುತ್ತದೆ. ಕುಕಿ ಅಂದರೆ, ಲಾಗಿನ್ ಆದ ಮೇಲೆ ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡುವ ಗುರುತು; ಟಿಕೆಟ್ ತೋರಿಸಿ ಒಳಗೆ ಹೋದವರ ಕೈಗೆ ಒತ್ತುವ ಮುದ್ರೆಯ ಹಾಗೆ. ಮುದ್ರೆ ಇದ್ದವರನ್ನು ಬಾಗಿಲಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ಒಟಿಪಿ ಬಾರದೇ ಇದ್ದಿದ್ದು ಅದಕ್ಕೇ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್ ಕಳ್ಳರ ಪಾಲಾಗಿದ್ದೂ ಇದೇ ರೀತಿ ಲಾಗಿನ್ ಗುರುತು ಕದ್ದೇ. ಕಂಪ್ಯೂಟರ್ ಬಗ್ಗೆಯೇ ವಿಡಿಯೋ ಮಾಡುವವರ ಕಥೆಯೇ ಹೀಗೆ! ಹಾಗಂತ ಎರಡನೇ ಹಂತವನ್ನು ಆಫ್ ಮಾಡಬೇಡಿ. ಬರೀ ಪಾಸ್‌ವರ್ಡ್ ಕದ್ದವರನ್ನು ಅದು ಈಗಲೂ ತಡೆಯುತ್ತದೆ.

ಇಂಥದ್ದು ಆದಾಗ ಯಾವುದು ಮೊದಲು ಅನ್ನೋದು ಮುಖ್ಯ. ಸೋಂಕು ತಗುಲಿದ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಅವರ ಕೈಗೆ ಹೋಗಬಹುದು. ಅದರ ಇಂಟರ್ನೆಟ್ ಕಿತ್ತುಹಾಕಿ, ಬೇರೆ ಸಾಧನದಿಂದ ಎಲ್ಲ ಕಡೆಯೂ ಲಾಗೌಟ್ ಮಾಡಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ನಾನು ಫೋನಿನಿಂದ ಮಾಡಿದೆ.

ಅಲ್ಲಿಗೂ ಮುಗಿಯಲಿಲ್ಲ. ಆ ಮೇಲ್‌ಗೆ ಕೆಲವರು ಉತ್ತರ ಬರೆದಿದ್ದರಂತೆ, ನನಗೆ ಒಂದೂ ಕಂಡಿರಲಿಲ್ಲ. ಸೆಟ್ಟಿಂಗ್ಸ್ ಒಳಗೆ ಹುಡುಕಿದಾಗ ಸಿಕ್ಕಿತು: ಉತ್ತರಗಳನ್ನು ಬೇರೊಂದು ವಿಳಾಸಕ್ಕೆ ಕಳಿಸಿ ನನ್ನ ಇನ್‌ಬಾಕ್ಸ್‌ನಿಂದ ಅಳಿಸುವ ಫಿಲ್ಟರ್. ಪಾಸ್‌ವರ್ಡ್ ಬದಲಾದರೂ ಇದು ಸುಮ್ನೆ ಕೆಲಸ ಮಾಡುತ್ತಲೇ ಇತ್ತು. ಫಿಲ್ಟರ್, ಫಾರ್ವರ್ಡಿಂಗ್, ರಿಕವರಿ ನಂಬರ್, ಅನುಮತಿ ಪಡೆದ ಆ್ಯಪ್‌ಗಳು, ಎಲ್ಲವನ್ನೂ ನೋಡಲೇಬೇಕು.

ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ವಿಂಡೋಸ್ ಮತ್ತೆ ಹಾಕಿಸಿದ್ದಾಯಿತು. ಬ್ರೌಸರ್‌ನಲ್ಲಿದ್ದ ಉಳಿದ ಪಾಸ್‌ವರ್ಡ್‌ಗಳೂ ಹೋಗಿವೆ ಅಂತಲೇ ಇಟ್ಟುಕೊಂಡು, ಬ್ಯಾಂಕಿನದರಿಂದ ಶುರುಮಾಡಿ ಒಂದೊಂದಾಗಿ ಬದಲಿಸುತ್ತಿದ್ದೇನೆ. ಪಟ್ಟಿ ಇನ್ನೂ ಮುಗಿದಿಲ್ಲ.